ಹತ್ತು ಪ್ರತಿ, ಹತ್ತು ಸೊನ್ನೆ

ಇಪ್ಪತ್ತೇಳನೇ ತಾರೀಖು, ಗುರುವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಒಬ್ಬ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿ ಬಂದರು. ವಯಸ್ಸು ನಲವತ್ತೈದರ ಆಚೀಚೆ. ಕುತ್ತಿಗೆಗೆ ತೆಳ್ಳನೆಯ ಬಿಳಿ ಬಟ್ಟೆ ಸುತ್ತಿತ್ತು, ಉಸಿರಾಡಿದಾಗಲೆಲ್ಲ ಆ ಬಟ್ಟೆ ಒಳಕ್ಕೂ ಹೊರಕ್ಕೂ ಆಡುತ್ತಿತ್ತು. ಆಕೆಯ ಹೆಗಲ ಮೇಲೆ ಕೈಯಿಟ್ಟುಕೊಂಡು ಗಂಡ ಹಿಂದೆ ಬಂದರು. ಅವರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ.

ಮುಂದಿನ ಮೇಜಿನಲ್ಲಿ ಕೂತಿದ್ದವರು ದಫೇದಾರರು. ಮಾತಿಗೊಂದು ಗಾದೆ ಹೇಳುವ ಚಾಳಿಯಿಂದ ಠಾಣೆಯಲ್ಲಿ ಅವರಿಗೆ ಗಾದೆ ದಫೇದಾರ್ ಎಂದೇ ಹೆಸರು. ಹೆಂಗಸು ನಾಲ್ಕಾಗಿ ಮಡಚಿದ ಕಾಗದವನ್ನು ಅವರ ಮುಂದಿಟ್ಟರು. ಮೊದಲ ಸಾಲು ಹೀಗಿತ್ತು: ‘ನನ್ನ ದನಿ ಕಳುವಾಗಿದೆ.’

“ಗಂಟಲು ಕಟ್ಟಿದ್ರೆ ಬಿಸಿನೀರು ಕುಡೀಬೇಕಮ್ಮ. ಅದಕ್ಕೆ ಠಾಣೆಗ್ಯಾಕೆ ಬಂದ್ರಿ?” ಎಂದು ದಫೇದಾರರು ನಕ್ಕರು.

ಹೆಂಗಸು ಕುತ್ತಿಗೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಸರಿಸಿ ತೋರಿಸಿದರು. ಗಂಟಲಿನ ಕೆಳಗೆ ಒಂದು ತೂತಿತ್ತು. ಉಸಿರು ಅಲ್ಲಿಂದಲೇ ಬರುತ್ತಿತ್ತು, ಅಲ್ಲಿಂದಲೇ ಹೋಗುತ್ತಿತ್ತು.

ದಫೇದಾರರು ಕುರ್ಚಿ ಬಿಟ್ಟು ಎದ್ದರು. “ತಪ್ಪಾಯ್ತು ತಾಯಿ. ಕೂತ್ಕೊಳ್ಳಿ.”

ಇನ್‌ಸ್ಪೆಕ್ಟರು ಇಬ್ಬರನ್ನೂ ಒಳಗೆ ಕರೆಸಿದರು. ದೂರನ್ನು ದೂರುದಾರರಿಗೆ ಓದಿ ಹೇಳಿ ರುಜು ಹಾಕಿಸುವುದು ಕ್ರಮ. ದಫೇದಾರರು ನಿಂತುಕೊಂಡೇ ಓದಿದರು.

ಆಕೆ ಬಟ್ಟೆ ಹೊಲಿಯುವವರು. ಗಂಡ ನೂಲಿನ ಗಿರಣಿಯಲ್ಲಿ ಟೆಲಿಫೋನ್ ಆಪರೇಟರ್. ಆಕೆಯ ಗಂಟಲಲ್ಲಿ ಗಡ್ಡೆ ಬೆಳೆದು, ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದರು. ತೆಗೆಯುವ ಮೊದಲು ದನಿಯನ್ನು ಕೂಡಿಟ್ಟುಕೊಡುವ ಕೇಂದ್ರವೊಂದಿದೆ ಎಂದೂ ಹೇಳಿದರು. ಅಲ್ಲಿ ಎರಡು ಸಾವಿರ ಮಾತುಗಳ ಪಟ್ಟಿ ಕೊಡುತ್ತಾರೆ. ಒಂದೊಂದನ್ನೂ ಹೇಳಿಸಿ ಕಂಪ್ಯೂಟರಿಗೆ ತುಂಬಿಸಿಕೊಳ್ಳುತ್ತಾರೆ. ಆಮೇಲೆ ಅಂಗೈಯಗಲದ ಯಂತ್ರದಲ್ಲಿ ಬೇಕಾದ ಮಾತನ್ನು ಒತ್ತಿದರೆ ಅದು ಆಕೆಯದೇ ದನಿಯಲ್ಲಿ ಹೇಳುತ್ತದೆ. ಆಕೆ ಮೂರನೇ ತಾರೀಖಿನಿಂದ ಹದಿಮೂರರವರೆಗೆ, ನಡುವಿನ ಭಾನುವಾರ ಬಿಟ್ಟು ಹತ್ತು ದಿನ, ಹೋಗಿ ಹೇಳಿ ಬಂದಿದ್ದರು. ಹದಿನಾಲ್ಕಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗ, ಕೇಂದ್ರದ ಕಂಪ್ಯೂಟರು ಕಳುವಾಯಿತು ಎಂಬ ಸುದ್ದಿ ಬಂತು. ಕೇಂದ್ರದವರು ಪೊಲೀಸರಿಗೆ ಹೇಳಲಿಲ್ಲ. ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಿಟ್ಟರು, ಇವತ್ತು ಆಕೆಯೇ ಬಂದಿದ್ದಾರೆ.

ಕಡೆಯ ಸಾಲಿಗೆ ಬಂದಾಗ ದಫೇದಾರರ ದನಿ ಸಣ್ಣದಾಯಿತು. “‘ನನ್ನ ಗಂಡನಿಗೆ ಕಣ್ಣಿಲ್ಲ. ನಾನು ಬರೆದದ್ದು ಅವರಿಗೆ ಕಾಣೋದಿಲ್ಲ, ಸನ್ನೆ ಮಾಡಿದ್ದೂ ಕಾಣೋದಿಲ್ಲ. ಮನೆಯಲ್ಲಿ ನಾವಿಬ್ಬರೇ.’”

ಗಂಡ ತಲೆಯೆತ್ತಿ ಕೇಳಿದರು. “ಇವಳು ಹಾಗೆ ಬರೆದಿದ್ದಾಳಾ ಸಾರ್?”

“ಬರೆದಿದ್ದಾರೆ.”

“ನಂಗೆ ಈಗಲೇ ಗೊತ್ತಾಗಿದ್ದು. ಬೆಳಿಗ್ಗೆ ಕೈ ಹಿಡ್ಕೊಂಡು ಹೊರಟ್ಲು, ಎಲ್ಲಿಗೆ ಅಂತ ನಂಗೆ ಗೊತ್ತಿರ್ಲಿಲ್ಲ. ಬೂಟಿನ ಸದ್ದು ಕೇಳಿದ ಮೇಲೆ ಠಾಣೆ ಅಂತ ತಿಳೀತು.”

“ನೀವಿಬ್ರು ಹೇಗೆ ಮಾತಾಡ್ಕೊಳ್ತೀರಿ?” ಎಂದು ಇನ್‌ಸ್ಪೆಕ್ಟರು ಕೇಳಿದರು.

“ಅಂಗೈ ಮೇಲೆ ಒಂದು ಸಲ ತಟ್ಟಿದ್ರೆ ಹೌದು, ಎರಡು ಸಲ ತಟ್ಟಿದ್ರೆ ಇಲ್ಲ. ಅಷ್ಟೇ. ಮೊದಲು ಇವಳ ಬಾಯಿಗೆ ಬೀಗ ಇರ್ಲಿಲ್ಲ ಸಾರ್. ಬಸ್ಸಿನ ಬಣ್ಣ ಯಾವುದು, ಎದುರಿಗೆ ಬಂದವನ ಮೀಸೆ ಹೇಗಿದೆ, ಆಕಾಶದಲ್ಲಿ ಮೋಡ ಎಷ್ಟಿದೆ, ಎಲ್ಲ ಹೇಳೋಳು. ಹತ್ತೊಂಬತ್ತು ವರ್ಷ ‘ಸ್ವಲ್ಪ ಸುಮ್ನಿರೇ’ ಅಂದಿದ್ದೀನಿ.” ಅವರು ನಗಲು ನೋಡಿದರು, ಆಗಲಿಲ್ಲ. “ಕೇಂದ್ರದವರು ಬೇರೆ ಹೆಂಗಸಿನ ದನಿ ಹಾಕಿ ಯಂತ್ರ ಕೊಡ್ತೀವಿ ಅಂತಾರೆ. ಯಾರೋ ಹೆಂಗಸು ನಮ್ಮ ಮನೆ ಒಳಗೆ ನಿಂತು ನನ್ನ ಹೆಂಡ್ತಿ ಮಾತು ಆಡೋದು ನಂಗೆ ಬೇಡ. ಇವಳದೇ ಹುಡುಕಿಕೊಡಿ.”

ಹನ್ನೊಂದೂ ಐದಕ್ಕೆ ಎಫ್‌ಐಆರ್ ದಾಖಲಾಯಿತು. ಕಳುವಾದ ವಸ್ತುವಿನ ಕಲಂನಲ್ಲಿ ಏನು ಬರೆಯುವುದು ಎಂದು ದಫೇದಾರರು ಕೇಳಿದರು. ಒಂದು ಕಂಪ್ಯೂಟರು ಎಂದು ಬರೆಯಿರಿ ಎಂದರು ಇನ್‌ಸ್ಪೆಕ್ಟರು. ಸ್ವಲ್ಪ ಹೊತ್ತಿನ ಮೇಲೆ, ಅದರೊಳಗಿನ ದನಿ ಎಂದೂ ಬರೆಯಿರಿ ಎಂದರು.

ಕೇಂದ್ರ ಒಂದು ಹಳೆಯ ಕಟ್ಟಡದ ಹಿಂಭಾಗದಲ್ಲಿ ಎರಡು ಕೋಣೆಯಲ್ಲಿತ್ತು. ಮುಂದಿನದು ಕೇಂದ್ರ ನಡೆಸುವ ಮೇಡಮ್ಮರ ಕೋಣೆ. ಹಿಂದಿನದಕ್ಕೆ ಗೋಡೆಯ ತುಂಬ ಹಾಸಿಗೆಯ ಹತ್ತಿಯಂಥದ್ದನ್ನು ಹೊದಿಸಿದ್ದರು. ಬಾಗಿಲು ಹಾಕಿದರೆ ಸ್ವಂತ ಎದೆಬಡಿತ ಕೇಳಿಸುವಷ್ಟು ನಿಶ್ಶಬ್ದ. ಅಲ್ಲಿ ಕೆಲಸ ಮಾಡುವವರು ಇಬ್ಬರೇ: ಮೇಡಮ್ಮರು ಮತ್ತು ಧ್ವನಿಮುದ್ರಣ ಮಾಡುವವರು. ಈ ಎರಡನೆಯವರಿಗೆ ಅರವತ್ತರ ಹತ್ತಿರ ವಯಸ್ಸು. ಬಂದವರಿಗೆಲ್ಲ ‘ನಿಧಾನ, ನಿಧಾನವಾಗಿ ಹೇಳಿ’ ಎನ್ನುತ್ತಿದ್ದುದರಿಂದ ರೋಗಿಗಳು ಅವರನ್ನು ನಿಧಾನಣ್ಣ ಎಂದು ಕರೆಯುತ್ತಿದ್ದರು.

ಮಧ್ಯಾಹ್ನ ಹನ್ನೆರಡೂ ಮುಕ್ಕಾಲಕ್ಕೆ ಪಂಚನಾಮೆ ಶುರುವಾಯಿತು. ಪಂಚರಾಗಿ ಬಂದವರು ಪಕ್ಕದ ಪುಸ್ತಕ ಕಟ್ಟುವವನು ಮತ್ತು ಕನ್ನಡಕದಂಗಡಿಯವನು. ಹಿಂಬಾಗಿಲಿನ ಚಿಲಕದ ಮೊಳೆ ಕಿತ್ತಿತ್ತು. ಮೇಜಿನ ಮೇಲೆ ಕಂಪ್ಯೂಟರಿದ್ದ ಜಾಗ ಖಾಲಿ. ಅದರ ಪಕ್ಕದಲ್ಲೇ ಕೋಣೆಯಲ್ಲೆಲ್ಲ ಬೆಲೆಬಾಳುವ ಮೈಕು ಇದ್ದ ಹಾಗೇ ನಿಂತಿತ್ತು.

“ತೆನೆ ಬಿಟ್ಟು ಹುಲ್ಲು ಹೊತ್ಕೊಂಡು ಹೋದ ಕಳ್ಳನ್ನ ನಾನು ಇದೇ ಮೊದಲು ನೋಡ್ತಿರೋದು,” ಎಂದರು ದಫೇದಾರರು.

ಇನ್‌ಸ್ಪೆಕ್ಟರು ಮೇಡಮ್ಮರನ್ನು ಕೇಳಿದರು. “ಕಳುವು ಯಾವಾಗ ಗೊತ್ತಾಯ್ತು?”

“ಹದಿನೇಳು, ಸೋಮವಾರ. ನಾನು ಗುರುವಾರ ಸಂಜೆ ತಂಗಿ ಮಗಳ ಬಾಣಂತನಕ್ಕೆ ಅಂತ ಊರಿಗೆ ಹೋಗಿದ್ದೆ. ಸೋಮವಾರ ಬಂದು ನೋಡ್ದಾಗ ಚಿಲಕ ಕಿತ್ತಿತ್ತು. ಭಾನುವಾರ ರಜಾ, ಆಗಲೇ ಯಾರೋ ನುಗ್ಗಿರಬೇಕು.”

“ದೂರು ಯಾಕೆ ಕೊಡ್ಲಿಲ್ಲ?”

“ಜನ ನಂಬಿ ಬರ್ತಾರೆ ಸಾರ್. ಇಲ್ಲಿಟ್ಟ ದನಿ ಕಳುವಾಗುತ್ತೆ ಅಂತ ಊರಿಗೆಲ್ಲ ಗೊತ್ತಾದ್ರೆ?”

“ಇನ್ನೊಂದು ಪ್ರತಿ ಇಟ್ಟಿರ್ಲಿಲ್ವಾ?”

ಮೇಡಮ್ಮರು ತಮ್ಮ ಕೋಣೆಯ ಕಬ್ಬಿಣದ ಬೀರು ತೆರೆದರು. ಒಳಗೊಂದು ಕಪ್ಪು ಪೆಟ್ಟಿಗೆ ಹಸಿರು ದೀಪ ಮಿಟುಕಿಸುತ್ತಿತ್ತು. ದಿನಾ ಮಧ್ಯಾಹ್ನ ಒಂದೂ ಕಾಲಿಗೆ, ಎಲ್ಲರೂ ಊಟಕ್ಕೆ ಎದ್ದ ಹೊತ್ತಿಗೆ, ಈ ಪೆಟ್ಟಿಗೆ ತಾನಾಗಿಯೇ ಆ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ನಕಲು ಮಾಡಿಕೊಳ್ಳುತ್ತಿತ್ತು, ಈಗ ತಮ್ಮ ಲ್ಯಾಪ್‌ಟಾಪಿನಲ್ಲಿ ತುಂಬಿಸಿಕೊಂಡದ್ದನ್ನು ಮಾಡಿಕೊಳ್ಳುತ್ತಿದೆ ಎಂದರು. “ಇದರಲ್ಲಿ ಇರಲೇಬೇಕಿತ್ತು. ಬೇರೆಯವರದೆಲ್ಲ ಇದೆ, ಇವರದು ಮಾತ್ರ ಇಲ್ಲ. ಹೇಗೆ ಅಂತ ನಂಗೂ ತಿಳೀತಿಲ್ಲ.”

ಜತೆಗೆ ಬಂದಿದ್ದ ಮಹಿಳಾ ಕಾನ್ಸ್‌ಟೇಬಲ್‌ಗೆ ಕಂಪ್ಯೂಟರಿನ ಓದಿತ್ತು. ಪೆಟ್ಟಿಗೆ ತನ್ನ ಕೆಲಸವನ್ನೆಲ್ಲ ಬರೆದಿಡುವ ದಿನಚರಿಯನ್ನು ಆಕೆ ತೆರೆದು ಓದತೊಡಗಿದರು. ಹತ್ತು ನಿಮಿಷದ ಮೇಲೆ ಇನ್‌ಸ್ಪೆಕ್ಟರನ್ನು ಕರೆದರು.

“ಸಾರ್, ಮೂರರಿಂದ ಹದಿಮೂರರವರೆಗೆ ಹತ್ತು ದಿನಾನೂ ಆ ಅಮ್ಮನ ಫೈಲಿನ ಪ್ರತಿ ತೆಗೆದಿದೆ. ಹತ್ತನ್ನೂ ಯಾರೋ ಕೈಯಾರೆ ಅಳಿಸಿದ್ದಾರೆ. ಹದಿನಾಲ್ಕು, ಶುಕ್ರವಾರ, ಹನ್ನೊಂದೂ ಐವತ್ತಕ್ಕೆ.”

“ಕಳ್ಳ ಬಂದದ್ದು ಭಾನುವಾರ ಅಂತ ಹೇಳ್ತಾರೆ.”

“ಹೌದು ಸಾರ್.”

ಪೆಟ್ಟಿಗೆಯನ್ನು ಅರಗುಮುದ್ರೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ಆಮೇಲೆ ನಿಧಾನಣ್ಣನನ್ನು ಕೂರಿಸಿ ಕೇಳಿದರು.

“ಎಷ್ಟು ವರ್ಷದಿಂದ ಈ ಕೆಲಸ?”

“ಇಲ್ಲಿ ಆರು. ಅದಕ್ಕೆ ಮುಂಚೆ ಮೂವತ್ತು ವರ್ಷ ಟೇಪಿನ ಮೇಲೆ ಮಾಡ್ತಿದ್ದೆ.”

“ಕಡೇ ಸಲ ಬೀಗ ಹಾಕಿದ್ದು ಯಾರು?”

“ನಾನೇ. ಶನಿವಾರ ಸಂಜೆ.”

“ಶುಕ್ರವಾರ ಬೆಳಿಗ್ಗೆ ಎಲ್ಲಿದ್ರಿ?”

“ಇಲ್ಲೇ ಇದ್ದೆ.”

“ಬೆಳಿಗ್ಗೆಯಿಂದ?”

“ಬೆಳಿಗ್ಗೆಯಿಂದ.”

ಅವರು ಕಣ್ಣು ತಪ್ಪಿಸಲಿಲ್ಲ. ಆದರೆ ಉತ್ತರ ಕೊಡುವಾಗಲೆಲ್ಲ ಆ ಖಾಲಿ ಜಾಗವನ್ನೇ ನೋಡುತ್ತಿದ್ದರು. ಇನ್‌ಸ್ಪೆಕ್ಟರು ಹೆಚ್ಚಿಗೆ ಕೇಳದೆ ಎದ್ದರು.

ಮರುದಿನ, ಇಪ್ಪತ್ತೆಂಟು, ಬೆಳಿಗ್ಗೆ ಒಂಬತ್ತೂವರೆಗೆ ಅವರು ಆಸ್ಪತ್ರೆಗೆ ಹೋದದ್ದು ಬೇರೇನಕ್ಕೂ ಅಲ್ಲ, ಶಸ್ತ್ರಚಿಕಿತ್ಸೆಯ ತಾರೀಖಿನ ಪ್ರಮಾಣಪತ್ರ ತರಲು. ಅದನ್ನು ಕೊಟ್ಟ ಹಿರಿಯ ನರ್ಸು ತಾವಾಗಿಯೇ ಮಾತು ತೆಗೆದರು.

“ಆ ಹೊಲಿಗೆ ಅಮ್ಮನದಾ? ಅವರ ಆಪರೇಷನ್ ಶನಿವಾರಕ್ಕಿತ್ತು. ಡಾಕ್ಟರು ಎಲ್ಲಿಗೋ ಹೋಗಬೇಕಾಗಿ ಗುರುವಾರ ಸಂಜೆ ಫೋನು ಮಾಡಿಸಿ ಒಂದು ದಿನ ಮುಂಚೆ ಇಟ್ಕೊಂಡ್ರು. ಅವತ್ತು ಬೆಳಿಗ್ಗೆ ಒಬ್ಬ ವಯಸ್ಸಾದವರು ಓಡಿ ಬಂದಿದ್ರು. ಚಪ್ಪಲಿ ಒಂದೇ ಕಾಲಲ್ಲಿತ್ತು. ‘ಒಂದು ಗಂಟೆ ನಿಲ್ಸೋಕಾಗುತ್ತಾ, ಒಂದೇ ಗಂಟೆ’ ಅಂತ ಕೇಳಿದ್ರು. ಎಂಟು ಗಂಟೆಗೇ ಒಳಗೆ ತಗೊಂಡಾಯ್ತಲ್ಲ ಅಂದೆ. ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ರು. ಅವರ ಅಣ್ಣನೋ ಏನೋ ಅಂದ್ಕೊಂಡೆ.”

ಬಾಗಿಲ ಕಾವಲಿನವನ ಪುಸ್ತಕದಲ್ಲಿ ಹೊತ್ತು ಬರೆದಿತ್ತು: ಒಂಬತ್ತೂ ನಲವತ್ತು. ಎದುರಿಗೆ ಹಾಕಿದ್ದ ರುಜು ನಿಧಾನಣ್ಣನದು.

“ಸುಳ್ಳು ಹೇಳೋಕೂ ಅಭ್ಯಾಸ ಬೇಕು ಸಾರ್,” ಎಂದರು ದಫೇದಾರರು ಜೀಪಿನಲ್ಲಿ. “ಆ ಮನುಷ್ಯನಿಗೆ ಅಭ್ಯಾಸ ಇಲ್ಲ.”

“ಯಾಕೆ ಓಡಿ ಬಂದ್ರು ಅನ್ನೋದು ಸಿಕ್ರೆ ಉಳಿದಿದ್ದೆಲ್ಲ ಸಿಗುತ್ತೆ,” ಎಂದರು ಇನ್‌ಸ್ಪೆಕ್ಟರು.

ಕಂಪ್ಯೂಟರು ರಿಪೇರಿಯ ಅಂಗಡಿಗಳನ್ನು ಒಂದೊಂದಾಗಿ ವಿಚಾರಿಸುತ್ತ ಹೋದರು. ಶುಕ್ರವಾರವೆಲ್ಲ ಅದರಲ್ಲೇ ಕಳೆಯಿತು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂಬತ್ತನೆಯ ಅಂಗಡಿಯವನು ಮೇಜಿನ ಖಾನೆಯಿಂದ ಒಂದು ಡಿಸ್ಕ್ ತೆಗೆದಿಟ್ಟ. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ನಿಧಾನಣ್ಣನ ಹೆಸರು, ತಾರೀಖು ಹದಿನಾಲ್ಕು, ಮಧ್ಯಾಹ್ನ ಹನ್ನೆರಡೂವರೆ. ಕಳುವಿಗಿಂತ ಎರಡು ದಿನ ಮೊದಲು.

“ಏನಾಗಿದೆ ಇದಕ್ಕೆ?”

“ಒಳಗಿನ ಸೂಜಿ ತಾಗಿ ತಟ್ಟೆ ಪೂರ್ತಿ ಕೆರೆದುಹೋಗಿದೆ ಸಾರ್. ಬೂದಿ ಥರ ಪುಡಿ ಬಿದ್ದಿದೆ. ಅವತ್ತೇ ಹೇಳ್ದೆ, ಇದು ಸತ್ತುಹೋಗಿದೆ ಅಂತ. ಅವರು ಕೇಳಲ್ಲ. ದಿನಾ ಸಂಜೆ ಬಂದು ಆ ಸ್ಟೂಲ್ ಮೇಲೆ ಕೂರ್ತಾರೆ. ‘ಇವತ್ತೇನಾದ್ರೂ ಉಸಿರಾಡ್ತಾ’ ಅಂತ ಕೇಳ್ತಾರೆ. ಅವರು ಎದ್ದು ಹೋಗ್ಲಿ ಅಂತ ಸುಮ್ನೆ ಬಿಚ್ಚಿ ಮತ್ತೆ ಮುಚ್ತೀನಿ.”

ಡಿಸ್ಕನ್ನು ಮಹಜರು ಮಾಡಿ ವಶಕ್ಕೆ ತೆಗೆದುಕೊಂಡರು. ಠಾಣೆಗೆ ಮರಳುವಷ್ಟರಲ್ಲಿ ಪ್ರಯೋಗಾಲಯದ ತಜ್ಞೆಯ ಫೋನು ಬಂತು. ಹೊತ್ತು ಹನ್ನೆರಡೂ ಹತ್ತು. ಇನ್‌ಸ್ಪೆಕ್ಟರು ನಿಂತುಕೊಂಡೇ ಕೇಳಿಸಿಕೊಂಡರು.

ಪೆಟ್ಟಿಗೆಯ ದಿನಚರಿಯ ಪ್ರಕಾರ ಆ ಫೈಲನ್ನು ಹತ್ತು ದಿನವೂ ಮುಚ್ಚಿಯೇ ಇಲ್ಲ ಎಂದು ತಜ್ಞೆ ಹೇಳಿದರು. ಇನ್ನೂ ಬರೆಯುತ್ತಿರುವಾಗಲೇ ಪೆಟ್ಟಿಗೆ ಅದನ್ನು ನಕಲು ಮಾಡಿಕೊಂಡಿದೆ. ಎಷ್ಟು ಹೊತ್ತಿನ ದನಿ ಎಂಬ ಲೆಕ್ಕವನ್ನು ಕಂಪ್ಯೂಟರು ಫೈಲಿನ ತಲೆಯ ಮೇಲೆ ಬರೆಯುವುದು ಮುಚ್ಚುವಾಗ ಮಾತ್ರ. ಹಾಗಾಗಿ ಆ ಪ್ರತಿಗಳನ್ನು ಯಾರು ತೆರೆದರೂ ಸೊನ್ನೆ ನಿಮಿಷ ಎಂದೇ ತೋರಿಸುತ್ತದೆ.

“ಅಂದ್ರೆ ಖಾಲಿ?”

“ಖಾಲಿ ಅಲ್ಲ ಸಾರ್. ಡಬ್ಬಿ ತುಂಬಿದೆ, ಚೀಟಿ ಅಂಟಿಸಿಲ್ಲ, ಅಷ್ಟೇ. ಆ ಪ್ರತಿ ನಮ್ಮ ಕೈಗೆ ಸಿಕ್ಕಿದ್ರೆ ಅರ್ಧ ದಿನದಲ್ಲಿ ಸರಿ ಮಾಡ್ಕೊಡ್ತಿದ್ವಿ.”

“ಅಳಿಸಿದ್ದನ್ನ ಮತ್ತೆ ತೆಗೆಯೋಕಾಗಲ್ವಾ?”

“ಮೊದಲ ಒಂದೆರಡು ದಿನದಲ್ಲಿ ಬಂದಿದ್ರೆ ಆಗ್ತಿತ್ತು. ಈಗ ಎರಡು ವಾರ ಆಯ್ತಲ್ಲ. ಆ ಜಾಗದಲ್ಲಿ ಬೇರೆ ರೋಗಿಗಳ ದನಿ ಬಂದು ಕೂತಿದೆ.”

ಇನ್‌ಸ್ಪೆಕ್ಟರು ಫೋನಿಟ್ಟರು. ಊಟದ ಡಬ್ಬಿ ಬಿಚ್ಚುತ್ತಿದ್ದ ದಫೇದಾರರು ಅವರ ಮುಖ ನೋಡಿ ಡಬ್ಬಿಯನ್ನು ಹಾಗೇ ಮುಚ್ಚಿಟ್ಟರು.

ನಿಧಾನಣ್ಣ ಒಂಟಿ. ಒಂದು ಕೋಣೆ, ಒಂದು ಅಡುಗೆಮೂಲೆ. ಮಧ್ಯಾಹ್ನ ಮೂರಕ್ಕೆ ಪೊಲೀಸರು ಬಾಗಿಲು ತಟ್ಟಿದಾಗ ತಡಮಾಡದೆ ತೆರೆದರು. ಹೊರಗೆ ಹೋಗುವವರಂತೆ ಅಂಗಿ ತೊಟ್ಟು ಕೂತಿದ್ದರು. ಕಂಪ್ಯೂಟರು ಮಂಚದ ಕೆಳಗೆ ಕಂಬಳಿ ಸುತ್ತಿಕೊಂಡಿತ್ತು.

“ನೀವು ಅಂಗಡಿಗೆ ಹೋದ್ರಂತೆ,” ಎಂದರು. “ಅವನು ಫೋನು ಮಾಡಿದ್ದ.”

“ಗೊತ್ತಾದ ಮೇಲೂ ಓಡಿಹೋಗ್ಲಿಲ್ಲ.”

“ಎಲ್ಲಿಗೆ ಹೋಗ್ಲಿ ಸಾರ್.”

ಠಾಣೆಯಲ್ಲಿ ಮೂರೂ ಐವತ್ತಕ್ಕೆ ಹೇಳಿಕೆ ಬರೆಸಿಕೊಳ್ಳಲು ಕೂತರು.

“ಫೈಲನ್ನ ಹತ್ತು ದಿನ ಯಾಕೆ ಮುಚ್ಚಲಿಲ್ಲ?”

“ಆ ಅಮ್ಮನಿಗೆ ಹತ್ತು ಮಾತು ಹೇಳೋಷ್ಟರಲ್ಲಿ ದಣಿವಾಗ್ತಿತ್ತು. ಆಗಾಗ ನಿಲ್ಲಿಸ್ತಿದ್ದೆ. ಸಂಜೆ ಹೋಗುವಾಗಲೂ ನಿಲ್ಲಿಸಿದ ಹಾಗೇ ಬಿಡ್ತಿದ್ದೆ. ಮುಚ್ಚಿ ಹೊಸದು ತೆಗೆದ್ರೆ ದನಿ ಒಂದು ಕಡೆ ಏರುತ್ತೆ, ಒಂದು ಕಡೆ ಇಳಿಯುತ್ತೆ. ಒಂದೇ ಉಸಿರಲ್ಲಿ ಆಡಿದ ಹಾಗೆ ಇರ್ಲಿ ಅಂತ ನನ್ನಾಸೆ. ಟೇಪಿನಲ್ಲಿ ಹಾಗೇ ಮಾಡ್ತಿದ್ದಿದ್ದು. ಸುತ್ತಿದಷ್ಟು ಸುತ್ತಿರುತ್ತೆ, ಎಲ್ಲಿಗೂ ಹೋಗಲ್ಲ. ಇದೂ ಹಾಗೇ ಅಂದ್ಕೊಂಡೆ.”

“ಪ್ರತಿ ಸರಿಯಾಗಿ ಬಂದಿದೆಯಾ ಅಂತ ನೋಡ್ಲಿಲ್ವಾ?”

“ಪ್ರತಿ ಆಯ್ತು ಅಂತ ದಿನಾ ಹಸಿರು ದೀಪ ತೋರಿಸ್ತಿತ್ತು. ಅದನ್ನೇ ನಂಬಿದ್ದೆ. ತೆರೆದು ನೋಡಿದ್ದು ಶುಕ್ರವಾರ.”

“ಶುಕ್ರವಾರ ಏನಾಯ್ತು?”

“ಒಂಬತ್ತಕ್ಕೆ ಬಂದೆ. ಕಂಪ್ಯೂಟರು ಕಟಕಟ ಅಂತಿತ್ತು, ಏಳಲಿಲ್ಲ. ಬೀರು ತೆಗೆದು ಪ್ರತಿ ನೋಡ್ದೆ. ಸೊನ್ನೆ. ಹಿಂದಿನ ದಿನದ್ದು ನೋಡ್ದೆ. ಸೊನ್ನೆ. ಹತ್ತೂ ನೋಡ್ದೆ. ಆಪರೇಷನ್ ಶನಿವಾರ ಅಲ್ವಾ, ಕರೆದು ಒಂದಷ್ಟಾದ್ರೂ ಹೇಳಿಸೋಣ ಅಂತ ಮನೆಗೆ ಫೋನು ಮಾಡಿದ್ರೆ ಯಾರೂ ಎತ್ತಲಿಲ್ಲ. ಪಕ್ಕದ ಮನೆಯವರು, ಬೆಳಗ್ಗೇನೇ ಆಸ್ಪತ್ರೆಗೆ ಹೋದ್ರು ಅಂದ್ರು. ಓಡಿದೆ. ಹಿಂದಿನ ದಿನ ಕೆಟ್ಟಿದ್ರೆ ಮತ್ತೆ ಹೇಳಿಸಬಹುದಿತ್ತು. ಒಂದು ದಿನ ಸಾರ್.”

“ಕಳುವಿನ ನಾಟಕ ಯಾಕೆ? ಕೆಲಸ ಹೋಗುತ್ತೆ ಅಂತಾನಾ?”

“ಇನ್ನೆರಡು ತಿಂಗಳಿಗೆ ನಾನೇ ಬಿಡೋನಿದ್ದೆ.”

“ಮತ್ತೆ?”

ದಫೇದಾರರು ಲೇಖನಿ ಎತ್ತಿ ಹಿಡಿದು ಕಾದರು.

“ಕಳುವಾದದ್ದು ಎಲ್ಲೋ ಒಂದು ಕಡೆ ಇರುತ್ತೆ ಸಾರ್. ಇವತ್ತಲ್ಲ ನಾಳೆ ಸಿಗಬಹುದು ಅಂತ ಮನೆಯಲ್ಲಿ ಮಾತಾಡ್ಕೊ…” ಎಂದ ನಿಧಾನಣ್ಣ ನಾಲಿಗೆ ಕಚ್ಚಿಕೊಂಡರು. “ಅಂತ ಅಂದ್ಕೊಂಡಿರಬಹುದು. ಅಳಿಸಿಹೋದದ್ದು ಎಲ್ಲೂ ಇರಲ್ಲ. ಆ ಮನುಷ್ಯ ದಿನಾ ಬರ್ತಿದ್ರು, ಹೆಂಡ್ತಿ ಹೇಳೋದನ್ನ ಹೊರಗೆ ಕೂತು ಹೆಡ್‌ಫೋನಿನಲ್ಲಿ ಕೇಳ್ತಿದ್ರು. ಅವರ ಮುಂದೆ ನಿಂತು ಇಲ್ಲ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಬೈದ್ರೆ ಕಳ್ಳನ್ನ ಬೈಯ್ಲಿ, ಆಸೆ ಇಟ್ಕೊಂಡಿರ್ಲಿ ಅಂತ.”

“ಪ್ರತಿಗಳನ್ನ ಯಾಕೆ ಅಳಿಸಿದ್ರಿ?”

“ಸೊನ್ನೆ ನೋಡಿದ್ರೆ ಅದು ಯಾವತ್ತೂ ಇರಲೇ ಇಲ್ಲ ಅಂತ ಗೊತ್ತಾಗ್ತಿತ್ತಲ್ಲ. ಹೆಂಗೂ ಖಾಲಿ. ಖಾಲೀನ ಅಳಿಸಿದ್ರೆ ಏನು ನಷ್ಟ ಅಂತ ಅಳಿಸಿದೆ.”

ದಫೇದಾರರ ಲೇಖನಿ ನಿಂತಿತು. ನಿಧಾನಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದರು. ನಲವತ್ತು ವರ್ಷದ ಹತ್ತಿರ ಜನರ ಉಸಿರು ಕೇಳಿಕೊಂಡು ಬದುಕಿದವರು. ಉಸಿರು ಬಿಗಿಹಿಡಿದದ್ದು ಅವರಿಗೆ ತಿಳಿಯದೆ ಇರುತ್ತದೆಯೆ.

“ಖಾಲಿನೇ ಅಲ್ವಾ ಸಾರ್?”

ಇನ್‌ಸ್ಪೆಕ್ಟರು ಹೇಳದೆ ಇರಬಹುದಿತ್ತು. ಆದರೆ ಪ್ರಯೋಗಾಲಯದ ವರದಿ ದೋಷಾರೋಪ ಪಟ್ಟಿಯ ಜತೆಗೆ ಹೋಗಬೇಕು, ಅದರ ನಕಲು ಆರೋಪಿಯ ಕೈಗೂ ಬರುತ್ತದೆ. ಒಬ್ಬನೇ ಕೂತು ಕಾಗದದಲ್ಲಿ ಓದುವುದಕ್ಕಿಂತ ಈಗಲೇ ಕೇಳುವುದು ಮೇಲು ಎಂದು ಅವರಿಗೆ ಅನ್ನಿಸಿತು. ತಜ್ಞೆ ಹೇಳಿದ್ದನ್ನು ಕೂಡಿಸದೆ ಕಳೆಯದೆ ಹೇಳಿದರು.

ನಿಧಾನಣ್ಣ ಅಳಲಿಲ್ಲ. ಎರಡೂ ಕೈಯನ್ನು ಮೇಜಿನ ಮೇಲೆ ಮಗುಚಿ ಇಟ್ಟುಕೊಂಡರು.

“ಎಲ್ಲೀವರೆಗೆ ಸಿಗ್ತಿತ್ತಂತೆ?”

“ಗುರುವಾರ ಮಧ್ಯಾಹ್ನ ಒಂದೂ ಕಾಲಿನವರೆಗೆ.”

“ಅವತ್ತು ಊಟ ಆದ್ಮೇಲೆ ನಲವತ್ತೆರಡು ಮಾತು ಹೇಳಿದ್ರು,” ಎಂದರು. “ಅಷ್ಟೇ ಹೋಗ್ತಿತ್ತು. ನಲವತ್ತೆರಡು.”

ಸಂಜೆ ನಾಲ್ಕೂ ನಲವತ್ತಕ್ಕೆ, ವಶದಲ್ಲಿದ್ದ ದಾಖಲೆ ನಾಶಮಾಡಿ ಕಳುವಿನ ಸುಳ್ಳು ಸಾಕ್ಷ್ಯ ಹುಟ್ಟಿಸಿದ ಆರೋಪದ ಮೇಲೆ ಅವರ ಬಂಧನವಾಯಿತು. ಮಾಡಿದ್ದಕ್ಕೆ ಕಾರಣ ಎಂಬ ಕಡೆ ದಫೇದಾರರು ಏನು ಬರೆಯಬೇಕೆಂದು ತೋಚದೆ ಇನ್‌ಸ್ಪೆಕ್ಟರ ಕಡೆ ನೋಡಿದರು. ಅವತ್ತು ಅವರ ಬಾಯಲ್ಲಿ ಒಂದು ಗಾದೆಯೂ ಬರಲಿಲ್ಲ. ‘ಇಲ್ಲ ಎನ್ನಲು ಮನಸ್ಸು ಬಾರದೆ’ ಎಂದು ಬರೆಯಿರಿ ಎಂದರು ಇನ್‌ಸ್ಪೆಕ್ಟರು.

ದೂರುದಾರರಿಗೆ ತಿಳಿಸುವ ಕೆಲಸ ಉಳಿದಿತ್ತು. ಹೊಲಿಗೆಯಾಕೆಗೆ ಫೋನು ಮಾಡಿ ಪ್ರಯೋಜನವಿಲ್ಲ. ಇನ್‌ಸ್ಪೆಕ್ಟರು ಐದೂ ಹತ್ತಕ್ಕೆ ಗಿರಣಿಗೆ ಫೋನು ಮಾಡಿದರು. ಎತ್ತಿದವರು ಗಂಡನೇ.

“ನಮಸ್ಕಾರ, ಗಿರಣಿ. ಯಾರಿಗೆ ಕೊಡ್ಲಿ?”

“ನಿಮ್ಮ ಹತ್ರಾನೇ ಮಾತಾಡ್ಬೇಕು.”

“ಇನ್‌ಸ್ಪೆಕ್ಟರ್ ಸಾರಾ. ಹೇಳಿ.”

“ಮಾಡಿದವರು ಸಿಕ್ಕಿದ್ದಾರೆ.”

“ದನಿ?”

ಇನ್‌ಸ್ಪೆಕ್ಟರು ಮಾತು ಹುಡುಕಿದರು. ಆ ಕಡೆ ಇನ್ನೊಂದು ಗಂಟೆ ಬಾರಿಸಿತು. ಗಂಡ ‘ಒಂದು ನಿಮಿಷ ಸಾರ್’ ಎಂದು ಆ ಕರೆಯನ್ನು ಕೇಳಿ, ಬೇಕಾದ ಕಡೆಗೆ ಜೋಡಿಸಿ, ಮರಳಿ ಬಂದರು.

“ಹೇಳೋದು ಕಷ್ಟ ಆದ್ರೆ ಬಿಡಿ ಸಾರ್. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಎದುರಿನವರು ಸುಮ್ಮನಿದ್ರೆ ಯಾಕೆ ಅಂತ ನಂಗೆ ಗೊತ್ತಾಗುತ್ತೆ.”

ಆದರೂ ಇನ್‌ಸ್ಪೆಕ್ಟರು ಮೊದಲಿನಿಂದ ಕಡೆಯವರೆಗೆ ಹೇಳಿದರು. ಯಾರು ಮಾಡಿದ್ದು, ಯಾಕೆ ಮಾಡಿದ್ದು, ಪ್ರತಿಯಲ್ಲಿ ಏನಿತ್ತು, ಎಲ್ಲ. ಆ ಕಡೆಯಿಂದ ನೂಲಿನ ಯಂತ್ರಗಳ ಸದ್ದು ದೂರದಲ್ಲಿ ಕೇಳುತ್ತಿತ್ತು.

“ಅವರು ಒಳ್ಳೆಯವರು ಸಾರ್,” ಎಂದರು ಗಂಡ ಕೊನೆಗೆ. “ಇವಳಿಗೆ ದಿನಾ ಬಿಸಿನೀರು ಕಾಯಿಸಿ ಕೊಡ್ತಿದ್ರು.”

“ನಾನು ಮನೆಗೆ ಬಂದು ನಿಮ್ಮ ಮನೆಯವರಿಗೆ ಹೇಳ್ಲಾ?”

“ಬೇಡ. ಆರಕ್ಕೆ ಕೆಲಸ ಬಿಡುತ್ತೆ. ಹೋಗಿ ನಾನೇ ಹೇಳ್ತೀನಿ. ಹೇಳೋದು ನನ್ನಿಂದ ಆಗುತ್ತೆ ಸಾರ್. ಅದಕ್ಕೆ ಅವಳು ಏನಂದ್ಲು ಅನ್ನೋದು ಮಾತ್ರ ನಂಗೆ ಗೊತ್ತಾಗೋದಿಲ್ಲ.”